ಹೆಗಲ ಮೇಲಿನ ಎರವಲು

ನಾಗಪುರದ ಮನೀಶ್ ನಗರದಲ್ಲಿ ಸಮವಸ್ತ್ರ ಕಂಡು ಯಾರೂ ಕತ್ತೆತ್ತಿ ನೋಡುವುದಿಲ್ಲ. ವಾರ್ಧಾ ರಸ್ತೆ ದಾಟಿದರೆ ಸೋನೆಗಾಂವ್ ವಿಮಾನ ನಿಲ್ದಾಣ, ಅದರ ಮಗ್ಗುಲಿಗೇ ವಾಯುಪಡೆಯ ನೆಲೆ. ಊರ ನಡುವಿನ ಸೀತಾಬರ್ಡಿ ಕೋಟೆ ಇಂದಿಗೂ ಸೇನೆಯ ವಶದಲ್ಲಿದೆ. ವಾಯುಸೇನಾ ನಗರದಲ್ಲಿ ವಾಯುಪಡೆಯ ಮೇಂಟೆನೆನ್ಸ್ ಕಮಾಂಡಿನ ಕೇಂದ್ರ ಕಚೇರಿಯಿದೆ. ಊರಾಚೆಯ ಕಾಮ್ಠಿಯಲ್ಲಿ ಗಾರ್ಡ್ಸ್ ರೆಜಿಮೆಂಟಿನ ಕೇಂದ್ರವೂ ಎನ್‌ಸಿಸಿ ಅಧಿಕಾರಿಗಳ ತರಬೇತಿ ಅಕಾಡೆಮಿಯೂ ಇವೆ. ಈ ಬಡಾವಣೆಯ ಒಂದು ತರಕಾರಿ ಅಂಗಡಿಯ ಮುಂದೆ ಹೆಗಲ ಮೇಲೆ ಮೂರು ನಕ್ಷತ್ರ ಹೊತ್ತ ಒಬ್ಬರು ನಿಂತಿದ್ದಾರೆ ಎಂದುಕೊಳ್ಳಿ. ಅವರು ಯಾರು? ಖಾಕಿ ಬಟ್ಟೆಯಿದ್ದು, ಹೆಗಲಪಟ್ಟಿಯ ತುದಿಯಲ್ಲಿ ಕೆಂಪು-ನೀಲಿ ರಿಬ್ಬನ್ ಇದ್ದರೆ ಪೊಲೀಸ್ ಇನ್‌ಸ್ಪೆಕ್ಟರ್. ಖಾಕಿಯೇ ಆದರೂ ರಿಬ್ಬನ್ ಇಲ್ಲದಿದ್ದರೆ ಡಿವೈಎಸ್‌ಪಿ ಅಥವಾ ಎಸಿಪಿ. ಹಸಿರು ಬಟ್ಟೆಯಾದರೆ ಸೇನೆಯ ಕ್ಯಾಪ್ಟನ್. ಹೆಗಲಲ್ಲಿ ಎನ್‌ಸಿಸಿ ಎಂಬ ಅಕ್ಷರಗಳೂ ಇದ್ದರೆ, ಕಾಮ್ಠಿಗೆ ತರಬೇತಿಗೆಂದು ಬಂದ ಧಾರವಾಡದ ಯಾವುದೋ ಕಾಲೇಜಿನ ಇತಿಹಾಸದ ಮೇಷ್ಟರೂ ಇರಬಹುದು. ಅದೇ ಹೊತ್ತಿಗೆ ಮೂರು ನಕ್ಷತ್ರದ ಕೆಂಪು ಫಲಕ ಹಾಕಿದ ಕಾರೊಂದು ಹಾದುಹೋದರೆ ಅದರೊಳಗೆ ಕೂತವರು ಲೆಫ್ಟಿನೆಂಟ್ ಜನರಲ್. ಸೋಜಿಗವೆಂದರೆ ಅವರ ಹೆಗಲ ಮೇಲೆ ಒಂದೇ ಒಂದು ನಕ್ಷತ್ರವೂ ಇರುವುದಿಲ್ಲ.

ಒಂದೇ ಗುರುತಿಗೆ ಇಷ್ಟು ಅರ್ಥಗಳಿರುವುದನ್ನು ಕಂಡಾಗ, ಇದೆಲ್ಲ ಬ್ರಿಟಿಷರು ಬಿಟ್ಟುಹೋದ ಆಡಂಬರ, ಒಳಗಿನವರಿಗೆ ಹೆಮ್ಮೆ, ಹೊರಗಿನವರಿಗೆ ಗೊಂದಲ ಎಂದು ತಳ್ಳಿಹಾಕುವುದು ಸುಲಭ. ಈ ಲೇಖನದ ವಾದ ಬೇರೆ. ಸೇನಾಧಿಕಾರಿಯ ಹೆಗಲ ಮೇಲಿರುವುದು ಆತನ ಸ್ವಂತ ಗೌರವದ ಒಡವೆ ಎಂದು ನೋಡಿದರೆ ಇಡೀ ವ್ಯವಸ್ಥೆ ವಿಚಿತ್ರವಾಗಿಯೇ ಕಾಣುತ್ತದೆ. ದೇಶ ಒಬ್ಬರ ಕೈಗೆ ಕೊಟ್ಟ ಹೊಣೆಯ ಎರವಲು ಚೀಟಿ ಅದು, ಇನ್ನೊಬ್ಬರು ಓದಲೆಂದೇ ಬರೆದದ್ದು ಎಂದು ನೋಡಿದರೆ ಅದರ ಬಹುಪಾಲು ವಿಚಿತ್ರಗಳಿಗೆ ಕಾರಣ ಸಿಗುತ್ತದೆ. ಅದಕ್ಕೆ ಮೊದಲು ಆ ಚೀಟಿಯನ್ನು ಓದಲು ಕಲಿಯಬೇಕು.

ಭೂಸೇನೆಯ ಅಧಿಕಾರಿಗಳ ಹೆಗಲಲ್ಲಿ ಮೂರೇ ಮೂಲಾಕ್ಷರಗಳಿವೆ: ಐದು ಮೂಲೆಯ ನಕ್ಷತ್ರ, ಅಶೋಕ ಸ್ತಂಭದ ಸಿಂಹ, ಅಡ್ಡಡ್ಡ ಇಟ್ಟ ಕತ್ತಿ ಮತ್ತು ದಂಡ. ಇವುಗಳನ್ನು ರೂಪಾಯಿ ನಾಣ್ಯಗಳಂತೆ ಒಂದೊಂದಾಗಿ ಎಣಿಸಿ ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ಶಾಲೆಯಲ್ಲಿ ಕಲಿತ ಬಿಡಿ, ಹತ್ತು, ನೂರರ ಸ್ಥಾನಬೆಲೆಯಂತೆ ಓದಬೇಕು. ಲೆಫ್ಟಿನೆಂಟ್‌ಗೆ ಎರಡು ನಕ್ಷತ್ರ, ಕ್ಯಾಪ್ಟನ್‌ಗೆ ಮೂರು. ಬಿಡಿ ಸ್ಥಾನ ಅಲ್ಲಿಗೆ ತುಂಬಿತು. ಮುಂದಿನ ಮೇಜರ್ ಹೆಗಲಿಂದ ಮೂರೂ ನಕ್ಷತ್ರಗಳು ಇಳಿದು ಒಂಟಿ ಸಿಂಹ ಬರುತ್ತದೆ. ಸಿಂಹದ ಜೊತೆ ಒಂದು ನಕ್ಷತ್ರ ಸೇರಿದರೆ ಲೆಫ್ಟಿನೆಂಟ್ ಕರ್ನಲ್, ಎರಡಾದರೆ ಕರ್ನಲ್, ಮೂರಾದರೆ ಬ್ರಿಗೇಡಿಯರ್. ಮತ್ತೆ ಸ್ಥಾನ ತುಂಬಿತು. ಇನ್ನು ಕತ್ತಿ-ದಂಡದ ಮನೆತನ: ಅದರ ಜೊತೆ ನಕ್ಷತ್ರವಿದ್ದರೆ ಮೇಜರ್ ಜನರಲ್, ಸಿಂಹವಿದ್ದರೆ ಲೆಫ್ಟಿನೆಂಟ್ ಜನರಲ್, ಎರಡೂ ಇದ್ದರೆ ಜನರಲ್. ಇವೆಲ್ಲಕ್ಕೂ ಮೇಲೆ ಫೀಲ್ಡ್ ಮಾರ್ಷಲ್: ಕಮಲದ ಮಾಲೆಯೊಳಗೆ ಅಡ್ಡಡ್ಡ ಇಟ್ಟ ಕತ್ತಿ ಮತ್ತು ದಂಡ, ಮೇಲೆ ಸಿಂಹ. ಕ್ಯಾಪ್ಟನ್ನನ ಮೂರು ನಕ್ಷತ್ರಕ್ಕಿಂತ ಮೇಜರನ ಒಂದು ಸಿಂಹ ದೊಡ್ಡದಾಗುವುದಕ್ಕೆ ಕಾರಣ, ಒಂಬತ್ತಕ್ಕಿಂತ ಹತ್ತು ದೊಡ್ಡದಾಗುವುದಕ್ಕೆ ಇರುವ ಕಾರಣವೇ. ಈ ಸ್ಥಾನಗಳು ಹೊಣೆಯ ಅಳತೆಯ ಜೊತೆ ಹೊಂದಿಕೊಂಡಿವೆ. ನಕ್ಷತ್ರದ ಮನೆತನದ ಕಿರಿಯ ಅಧಿಕಾರಿಯ ಕಣ್ಣಳತೆಯಲ್ಲಿ ಮೂವತ್ತು ಮಂದಿಯ ಪ್ಲಟೂನ್ ಇರುತ್ತದೆ. ಸಿಂಹ ಬಂದ ಮೇಜರನಿಗೆ ನೂರಿಪ್ಪತ್ತರ ಆಸುಪಾಸಿನ ಕಂಪನಿ. ಕರ್ನಲ್‌ಗೆ ಸುಮಾರು ಎಂಟುನೂರರ ಬೆಟಾಲಿಯನ್. ಕತ್ತಿ-ದಂಡ ಬಂದ ಮೇಜರ್ ಜನರಲ್‌ಗೆ ಡಿವಿಷನ್. ಮುಖ ಕಂಡು ಹೆಸರು ಹಿಡಿದು ಕರೆಯಬಹುದಾದ ಗುಂಪಿನಿಂದ, ನಕ್ಷೆಯ ಮೇಲಷ್ಟೇ ಕಾಣುವ ದಂಡಿನವರೆಗೆ ಹೊಣೆ ಬೆಳೆದಂತೆ ಅಕ್ಷರವೂ ಬದಲಾಗುತ್ತದೆ.

ಈ ಲಿಪಿಯಲ್ಲಿ ಒಂದು ಖಾಲಿ ಮನೆ ಇದೆ. ಕ್ರಮದ ಪ್ರಕಾರ ಸಿಂಹ-ಮೂರು-ನಕ್ಷತ್ರದ ಮುಂದೆ ಬರೇ ಕತ್ತಿ-ದಂಡ ಮಾತ್ರ ಇರುವ ಒಂದು ದರ್ಜೆ ಬರಬೇಕಿತ್ತು. ಸೇನೆಯಲ್ಲಿ ಅದನ್ನು ಈಗ ಯಾರೂ ಧರಿಸುವುದಿಲ್ಲ. ಬ್ರಿಟಿಷ್ ಸೇನೆಯಲ್ಲಿ ಅದು ಬ್ರಿಗೇಡಿಯರ್ ಜನರಲ್‌ನ ಗುರುತಾಗಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ಆ ದರ್ಜೆಯನ್ನು ರದ್ದುಮಾಡಿದರು. ಬ್ರಿಗೇಡಿನ ಮುಖ್ಯಸ್ಥ ಕರ್ನಲ್‌ಗಳ ಸಾಲಿಗೆ ಇಳಿದು ಬರೇ ಬ್ರಿಗೇಡಿಯರ್ ಆದ. ಅಮೆರಿಕದಲ್ಲಿ ಬ್ರಿಗೇಡಿಯರ್ ಜನರಲ್ ಒಂದು ನಕ್ಷತ್ರದ ಜನರಲ್ ಆಗಿಯೇ ಉಳಿದ. ನಮ್ಮ ಮೂರು ನಕ್ಷತ್ರದ ಗೊಂದಲ ಹುಟ್ಟುವುದೂ ಇಲ್ಲಿಯೇ. ಬ್ರಿಟಿಷ್ ಪದ್ಧತಿಯಲ್ಲಿ ನಕ್ಷತ್ರ ಕೆಳಗಿನ ಮೆಟ್ಟಿಲ ಗುರುತು. ಅಮೆರಿಕದ ಪದ್ಧತಿಯಲ್ಲಿ ಅದು ಜನರಲ್‌ಗಳ ಸೊತ್ತು. ಭಾರತದ ಸೇನೆ ಎರಡನ್ನೂ ಒಂದೇ ಮೈಮೇಲೆ ಇಟ್ಟುಕೊಂಡಿದೆ, ಜಾಗ ಮಾತ್ರ ಬೇರೆ. ಹೆಗಲಿನಲ್ಲಿ ಹಳೆಯ ಲಿಪಿ; ಕಾಲರಿನ ಕೆಂಪು ಪಟ್ಟಿಯಲ್ಲಿ, ಕಾರಿನ ಫಲಕದಲ್ಲಿ ಹೊಸ ಎಣಿಕೆ. ಬ್ರಿಗೇಡಿಯರ್‌ಗೆ ಕಾಲರಿನಲ್ಲಿ ಒಂದು, ಮೇಜರ್ ಜನರಲ್‌ಗೆ ಎರಡು, ಲೆಫ್ಟಿನೆಂಟ್ ಜನರಲ್‌ಗೆ ಮೂರು, ಜನರಲ್‌ಗೆ ನಾಲ್ಕು. ಹೀಗಾಗಿ ಹೆಗಲಲ್ಲಿ ಮೂರು ನಕ್ಷತ್ರವಿರುವ ಬ್ರಿಗೇಡಿಯರ್ ‘ಒಂದು ನಕ್ಷತ್ರದ ಅಧಿಕಾರಿ’. ಹೆಗಲಲ್ಲಿ ನಕ್ಷತ್ರವೇ ಇಲ್ಲದ ಲೆಫ್ಟಿನೆಂಟ್ ಜನರಲ್ ‘ಮೂರು ನಕ್ಷತ್ರದ ಅಧಿಕಾರಿ’. ಪತ್ರಿಕೆಯಲ್ಲಿ ‘ತ್ರೀ ಸ್ಟಾರ್’ ಎಂದು ಓದಿದವರು ಹೆಗಲು ನೋಡಬಾರದು, ಕೊರಳು ನೋಡಬೇಕು. ಮೇಜರ್‌ಗಿಂತ ಲೆಫ್ಟಿನೆಂಟ್ ಕಿರಿಯನಾದರೂ ಮೇಜರ್ ಜನರಲ್‌ಗಿಂತ ಲೆಫ್ಟಿನೆಂಟ್ ಜನರಲ್ ಏಕೆ ಹಿರಿಯ ಎಂಬ ಒಗಟಿಗೂ ಹಳೆಯ ಉತ್ತರವಿದೆ. ಲೆಫ್ಟಿನೆಂಟ್ ಎಂಬ ಫ್ರೆಂಚ್ ಮೂಲದ ಮಾತಿಗೆ ಇನ್ನೊಬ್ಬರ ಜಾಗದಲ್ಲಿ ನಿಂತವನು ಎಂದು ಅರ್ಥ. ಜನರಲ್‌ನ ಬದಲಿಗೆ ನಿಂತವನು ಲೆಫ್ಟಿನೆಂಟ್ ಜನರಲ್. ಮೇಜರ್ ಜನರಲ್‌ನ ಹಳೆಯ ಹೆಸರು ಸಾರ್ಜೆಂಟ್ ಮೇಜರ್ ಜನರಲ್. ಮುಂದಿನ ‘ಸಾರ್ಜೆಂಟ್’ ಕಾಲಕ್ರಮದಲ್ಲಿ ಉದುರಿಹೋಯಿತು. ಕಮಿಷನ್ ಪಡೆದ ಅಧಿಕಾರಿಯ ಮೊದಲ ದರ್ಜೆಯ ಹೆಸರೇ ಬದಲಿಯಾಗಿ ನಿಂತವನು ಎಂದಿರುವುದು ಎರವಲಿನ ಮಾತಿಗೆ ಒಳ್ಳೆಯ ಸಾಕ್ಷಿ.

ಇನ್ನೂ ಬಲವಾದ ಸಾಕ್ಷಿ ದರ್ಜೆಗೂ ಹುದ್ದೆಗೂ ಇರುವ ಅಂತರದಲ್ಲಿದೆ. ದರ್ಜೆಯ ಕೆಳ ಮೆಟ್ಟಿಲುಗಳನ್ನು ಕಾಲವೇ ಹತ್ತಿಸುತ್ತದೆ. 2004ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಎ.ವಿ. ಸಿಂಗ್ ಸಮಿತಿಯ ಶಿಫಾರಸಿನಂತೆ ಎರಡು ವರ್ಷಕ್ಕೆ ಕ್ಯಾಪ್ಟನ್, ಆರಕ್ಕೆ ಮೇಜರ್, ಹದಿಮೂರಕ್ಕೆ ಲೆಫ್ಟಿನೆಂಟ್ ಕರ್ನಲ್. ಅಲ್ಲಿಂದ ಮುಂದೆ ಆಯ್ಕೆ ಮಂಡಳಿಯ ಜರಡಿ. ಆದರೆ ಯಾವ ಮೆಟ್ಟಿಲಿನಲ್ಲೂ ಹೆಗಲ ಗುರುತೊಂದೇ ದಂಡನ್ನು ಕೈಗೆ ಕೊಡುವುದಿಲ್ಲ. ಕೋರ್ ಒಂದರ ಮುಖ್ಯಸ್ಥನೂ ಲೆಫ್ಟಿನೆಂಟ್ ಜನರಲ್, ಹಲವು ಕೋರ್‌ಗಳ ಮೇಲಿರುವ ಆರ್ಮಿ ಕಮಾಂಡರ್ ಕೂಡ ಲೆಫ್ಟಿನೆಂಟ್ ಜನರಲ್; ಹೆಗಲು ಒಂದೇ, ಹುದ್ದೆಯ ಆದೇಶ ಪತ್ರ ಬೇರೆ. 1973ರ ಜನವರಿ ಇದನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸಿತು. ಆ ತಿಂಗಳು ಸ್ಯಾಮ್ ಮಾಣೆಕ್‌ಶಾ ಫೀಲ್ಡ್ ಮಾರ್ಷಲ್ ಆದರು, ಆ ತಿಂಗಳ ನಡುವಿನಲ್ಲೇ ಸೇನಾ ಮುಖ್ಯಸ್ಥನ ಹುದ್ದೆಯನ್ನು ಗೋಪಾಲ ಗುರುನಾಥ ಬೇವೂರರಿಗೆ ಒಪ್ಪಿಸಿದರು. ನಾಗಪುರದ ಉತ್ತರಕ್ಕಿರುವ ಸಿವನಿಯಲ್ಲಿ ಹುಟ್ಟಿದ, ಹೆಸರಿನಲ್ಲಿ ಬೇವೂರನ್ನು ಹೊತ್ತ ಈ ಜನರಲ್, ದರ್ಜೆಯಲ್ಲಿ ಮಾಣೆಕ್‌ಶಾ ಅವರಿಗಿಂತ ಒಂದು ಮೆಟ್ಟಿಲು ಕೆಳಗಿದ್ದರು. ಆದರೂ ಸೇನೆ ನಡೆಯುತ್ತಿದ್ದುದು ಬೇವೂರರ ಮಾತಿನ ಮೇಲೆ. ಫೀಲ್ಡ್ ಮಾರ್ಷಲ್ ದರ್ಜೆ ಬದುಕಿರುವವರೆಗೂ ಉಳಿಯುತ್ತದೆ, ಹಾಗಾದರೆ ಎರವಲಿನ ವಾದ ಇಲ್ಲಿ ಬಿದ್ದುಹೋಗುವುದಿಲ್ಲವೇ ಎಂದು ಕೇಳಬಹುದು. ಅದು ಶಾಶ್ವತವಾಗಿ ಉಳಿಯುವುದು ಅದಕ್ಕೆ ದಂಡಿನ ಹೊಣೆ ಅಂಟಿಲ್ಲದ ಕಾರಣಕ್ಕೇ. ಕೊಡಗಿನ ಕೆ.ಎಂ. ಕಾರ್ಯಪ್ಪ ಸೇನೆಯಿಂದ ನಿವೃತ್ತರಾದದ್ದು 1953ರಲ್ಲಿ. ಫೀಲ್ಡ್ ಮಾರ್ಷಲ್ ಆದದ್ದು 1986ರ ಏಪ್ರಿಲ್‌ನಲ್ಲಿ, 87ರ ವಯಸ್ಸಿನಲ್ಲಿ. ಆ ಗೌರವಕ್ಕೂ ಸೇನೆ ನಡೆಸುವುದಕ್ಕೂ ಸಂಬಂಧವಿರಲಿಲ್ಲ. ನಾಗಪುರದವರೇ ಆದ ಜನರಲ್ ಮನೋಜ್ ಪಾಂಡೆ 2022ರ ಏಪ್ರಿಲ್ ಕೊನೆಯಿಂದ 2024ರ ಜೂನ್ ಕೊನೆಯವರೆಗೆ ಸೇನಾ ಮುಖ್ಯಸ್ಥರಾಗಿದ್ದರು. ಮರುದಿನ ಅವರ ಹೆಸರಿನ ಹಿಂದಿನ ಜನರಲ್ ಹಾಗೆಯೇ ಉಳಿಯಿತು, ಮುಂದೆ ‘ನಿವೃತ್ತ’ ಎಂಬ ಮಾತು ಸೇರಿತು. ಹೆಸರನ್ನು ಮನೆಗೆ ಒಯ್ಯಬಹುದು, ಹೊಣೆಯನ್ನು ಒಯ್ಯಲಾಗದು ಎನ್ನುವುದಕ್ಕೆ ಆ ಒಂದು ಪದ ಸಾಕು.

ನಮ್ಮ ಹಳೆಯ ದಂಡುಗಳಲ್ಲಿ ಹೀಗಿರಲಿಲ್ಲ. ಉತ್ತರ ಕರ್ನಾಟಕದ ಯಾವ ಊರಿಗೆ ಹೋದರೂ ದಳವಾಯಿ, ಜಮಾದಾರ, ಹವಾಲ್ದಾರ, ಕಿಲ್ಲೇದಾರ, ಸುಬೇದಾರ ಎಂಬ ಮನೆತನಗಳು ಸಿಗುತ್ತವೆ. ಬೆಂಗಳೂರಿನ ಮೆಜೆಸ್ಟಿಕ್ ಬಳಿ ಸುಬೇದಾರ್ ಛತ್ರಂ ರಸ್ತೆಯೇ ಇದೆ. ಒಂದು ಕಾಲಕ್ಕೆ ಹುದ್ದೆಯಾಗಿದ್ದದ್ದು ಜಹಗೀರಿನ ಜೊತೆ ಮನೆಗೆ ಬಂದು, ಮಗನಿಗೆ, ಮೊಮ್ಮಗನಿಗೆ ಇಳಿದು, ಕೊನೆಗೆ ಅಡ್ಡಹೆಸರಾಗಿ ನೆಲೆಯೂರಿತು. ಮೈಸೂರಿನ ದಳವಾಯಿಗಳು ಒಂದು ಕಾಲಕ್ಕೆ ದೊರೆಗಳನ್ನೇ ಮೂಲೆಗೆ ಕೂರಿಸಿದ್ದು, ಸೇನೆಯ ಹೊಣೆ ಒಂದು ಮನೆತನದ ಆಸ್ತಿಯಾದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆ. ಇಂದಿನ ಹೆಗಲಪಟ್ಟಿಯ ಗುರುತಿಗೆ ಹಿಂಬದಿಯಲ್ಲಿ ತಿರುಪು ಇರುತ್ತದೆ, ಅಥವಾ ಪಟ್ಟಿಗೆ ತೊಡಿಸುವ ಬಟ್ಟೆಯ ತೋಳಿನ ಮೇಲೆ ಅದನ್ನು ಹೊಲಿದಿರುತ್ತದೆ. ಬಡ್ತಿಯಾದ ದಿನ ಬಿಚ್ಚಿ ಬೇರೆಯದನ್ನು ಹಾಕುತ್ತಾರೆ. ಕೋರ್ಟ್ ಮಾರ್ಷಲ್ ವಜಾಮಾಡಿದರೆ ಕಿತ್ತುಕೊಳ್ಳುತ್ತಾರೆ. ನಿವೃತ್ತಿಯ ಮೇಲೆ ಪೆಟ್ಟಿಗೆಗೆ ಹೋಗುತ್ತದೆ. ಕಳಚಬಹುದಾದ ಗುರುತಿನಿಂದಾದ ದೊಡ್ಡ ಉಪಕಾರವೆಂದರೆ ಅದು ರಕ್ತಕ್ಕೆ ಅಂಟಿಕೊಳ್ಳಲು ಬಿಡದಿದ್ದದ್ದು.

ಆದರೆ ಗುರುತು ಎಂದೂ ಅನ್ಯಾಯ ಮಾಡಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ಎರಡು ನಕ್ಷತ್ರ ಹೊತ್ತ ಇಬ್ಬರು ಎದುರುಬದುರು ನಿಂತಿದ್ದಾರೆ. ಒಬ್ಬ ಇಪ್ಪತ್ತೆರಡರ ಲೆಫ್ಟಿನೆಂಟ್. ಇನ್ನೊಬ್ಬರ ಪಟ್ಟಿಯಲ್ಲಿ ನಕ್ಷತ್ರದ ಕೆಳಗೆ ಕೆಂಪು-ಹಳದಿ-ಕೆಂಪು ರಿಬ್ಬನ್ ಇದೆ. ಅವರು ಸುಬೇದಾರ್, ಇಪ್ಪತ್ತು ವರ್ಷಕ್ಕೂ ಮೀರಿದ ಸೇವೆಯವರು. ಒಂದು ನಕ್ಷತ್ರವೂ ರಿಬ್ಬನ್ನೂ ಇದ್ದರೆ ನಾಯಬ್ ಸುಬೇದಾರ್, ಸಿಂಹವೂ ರಿಬ್ಬನ್ನೂ ಇದ್ದರೆ ಸುಬೇದಾರ್ ಮೇಜರ್. ಬೆರಳಗಲದ ಆ ರಿಬ್ಬನ್ ಒಂದು ಗಡಿರೇಖೆ, ಅದನ್ನು ಎಳೆದದ್ದು ವಸಾಹತು ಕಾಲ. 1817ರ ನವೆಂಬರ್ 26 ಮತ್ತು 27ರಂದು ಸೀತಾಬರ್ಡಿ ಗುಡ್ಡದ ಮೇಲೆ ನಾಗಪುರದ ಅಪ್ಪಾ ಸಾಹೇಬ ಭೋಸಲೆಯ ದಂಡಿನ ವಿರುದ್ಧ ನಿಂತ ಕಂಪನಿಯ ಪಡೆಯಲ್ಲಿ ಬಹುಪಾಲು ಭಾರತೀಯ ಸಿಪಾಯಿಗಳೇ ಇದ್ದರು, ಅವರ ಮೇಲೆ ಭಾರತೀಯ ಜಮಾದಾರರೂ ಸುಬೇದಾರರೂ ಇದ್ದರು. ಮುಂದಾಳು ಮಾತ್ರ ಬಿಳಿಯ ಲೆಫ್ಟಿನೆಂಟ್ ಕರ್ನಲ್. ಎಷ್ಟು ಯುದ್ಧ ಕಂಡ ಸುಬೇದಾರನಾದರೂ ಆಗತಾನೆ ಹಡಗಿಳಿದ ಬಿಳಿಯ ಹುಡುಗ ಅಧಿಕಾರಿಗಿಂತ ಕೆಳಗೆ ಎಂಬುದು ಅಂದಿನ ನಿಯಮ; ಮುಂದೆ ಇವರನ್ನು ವೈಸರಾಯ್ ಕಮಿಷನ್ ಪಡೆದ ಅಧಿಕಾರಿಗಳು ಎಂದು ಕರೆದು ಆ ಗಡಿಗೆ ಕಾನೂನಿನ ಹೆಸರನ್ನೂ ಕೊಟ್ಟರು. ಆ ಗಡಿಯನ್ನು ದಾಟಿದ ಮೊದಲ ತಂಡದವರಲ್ಲಿ ಕಾರ್ಯಪ್ಪ ಒಬ್ಬರು. ಇಂದೋರಿನ ಡಾಲಿ ಕಾಲೇಜಿನಲ್ಲಿ ತರಬೇತಿ ಪಡೆದು 1919ರಲ್ಲಿ ಅವರು ರಾಜನ ಕಮಿಷನ್ ಪಡೆದರು. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಅದೇ ವರ್ಷ ಅವರು ಕಟ್ಟಿದ್ದು ಗಾರ್ಡ್ಸ್ ರೆಜಿಮೆಂಟ್, ಇಂದು ಕಾಮ್ಠಿಯಲ್ಲಿ ಕೇಂದ್ರವಿರುವ ಅದೇ ಪಡೆ. ಜಾತಿ, ಪ್ರಾಂತ್ಯ ನೋಡಿ ಸಿಪಾಯಿಗಳನ್ನು ಸೇರಿಸಿಕೊಳ್ಳುತ್ತಿದ್ದ ಹಳೆಯ ರೆಜಿಮೆಂಟುಗಳ ನಡುವೆ, ಎಲ್ಲ ಕಡೆಯ ಎಲ್ಲ ಜನರೂ ಒಂದೇ ಸಾಲಿನಲ್ಲಿ ನಿಲ್ಲುವ ಪಡೆಯಾಗಿ ಅದನ್ನು ರೂಪಿಸಿದರು. ಸುಬೇದಾರರ ರಿಬ್ಬನ್ ಸ್ವಾತಂತ್ರ್ಯದ ನಂತರವೂ ಉಳಿಯಿತು. ಜಮಾದಾರ್ ಎಂಬ ಹೆಸರು 1965ರಲ್ಲಿ ನಾಯಬ್ ಸುಬೇದಾರ್ ಆಯಿತು, ಗುಂಪಿಗೆ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಎಂಬ ಹೆಸರು ಬಂತು. ಉಳಿಸಿಕೊಳ್ಳಲು ಕಾರಣವೂ ಇತ್ತು: ಸಿಪಾಯಿಗಳ ಭಾಷೆ, ಮನೆ, ಕಷ್ಟ ಬಲ್ಲ ಹಿರಿಯನೊಬ್ಬ ಎಳೆಯ ಅಧಿಕಾರಿಯ ಪಕ್ಕದಲ್ಲಿ ಬೇಕು. ಇಂದು ಅದೇ ರಿಬ್ಬನ್ ಜನಾಂಗವನ್ನು ಬೇರ್ಪಡಿಸುವುದಿಲ್ಲ, ಕೆಲಸವನ್ನು ಬೇರ್ಪಡಿಸುತ್ತದೆ. ಗುರುತು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ; ಯಾವ ನಿಯಮವನ್ನು ಅದು ಬರೆದು ತೋರಿಸುತ್ತಿದೆ ಎಂಬುದನ್ನು ನೋಡಬೇಕು.

ಮನೀಶ್ ನಗರದ ಆಸುಪಾಸಿನಲ್ಲಿ ಹಸಿರು ಬಟ್ಟೆಯಷ್ಟೇ ಸಾಮಾನ್ಯವಾಗಿ ಕಾಣುವುದು ವಾಯುಪಡೆಯ ನೀಲಿ. ಅಲ್ಲಿ ನಕ್ಷತ್ರವೂ ಇಲ್ಲ, ಸಿಂಹವೂ ಇಲ್ಲ, ಲಿಪಿಯೇ ಬೇರೆ. ಪಟ್ಟೆಗಳನ್ನು ಎಣಿಸಬೇಕು. ಫ್ಲೈಯಿಂಗ್ ಆಫೀಸರ್‌ಗೆ ಒಂದು, ಫ್ಲೈಟ್ ಲೆಫ್ಟಿನೆಂಟ್‌ಗೆ ಎರಡು, ಸ್ಕ್ವಾಡ್ರನ್ ಲೀಡರ್‌ಗೆ ಆ ಎರಡರ ನಡುವೆ ಒಂದು ತೆಳು ಗೆರೆ, ವಿಂಗ್ ಕಮಾಂಡರ್‌ಗೆ ಮೂರು, ಗ್ರೂಪ್ ಕ್ಯಾಪ್ಟನ್‌ಗೆ ನಾಲ್ಕು. ಆಮೇಲೆ ಅಗಲ ಪಟ್ಟೆಯ ಮನೆತನ ಆರಂಭ. ಮೇಂಟೆನೆನ್ಸ್ ಕಮಾಂಡಿನ ಮುಖ್ಯಸ್ಥರಾದ ಏರ್ ಮಾರ್ಷಲ್‌ಗೆ ಒಂದು ಅಗಲ ಪಟ್ಟೆ, ಅದರ ಮೇಲೆ ಎರಡು ಸಣ್ಣವು. ಈ ಪಟ್ಟೆಗಳ ತವರು ನೌಕಾಪಡೆಯ ತೋಳು. ಅಲ್ಲಿ ಕ್ಯಾಪ್ಟನ್ ಎಂಬ ಹೆಸರು ಇನ್ನೊಂದು ಮೋಸ ಮಾಡುತ್ತದೆ: ನೌಕಾಪಡೆಯ ಕ್ಯಾಪ್ಟನ್ ಸೇನೆಯ ಕರ್ನಲ್‌ಗೆ ಸಮ, ಸೇನೆಯ ಕ್ಯಾಪ್ಟನ್ ನೌಕಾಪಡೆಯ ಲೆಫ್ಟಿನೆಂಟ್‌ಗೆ ಸಮ. ಸಾಲದ್ದಕ್ಕೆ ಸೋನೆಗಾಂವ್‌ನಿಂದ ಹೊರಬೀಳುವ ಪ್ರಯಾಣಿಕ ವಿಮಾನದ ಪೈಲಟ್ ಕೂಡ ಹೆಗಲಲ್ಲಿ ನಾಲ್ಕು ಬಂಗಾರದ ಪಟ್ಟೆ ಧರಿಸಿ ಕ್ಯಾಪ್ಟನ್ ಎನಿಸಿಕೊಳ್ಳುತ್ತಾರೆ. ವಿಮಾನ ಕಂಪನಿಗಳು ಹಡಗಿನ ಸಂಪ್ರದಾಯದಿಂದ ಪಡೆದುಕೊಂಡ ಗುರುತು ಅದು. ಅದರ ಹಿಂದೆ ರಾಷ್ಟ್ರಪತಿಗಳ ಕಮಿಷನ್ ಇಲ್ಲ, ಸೇನಾ ಕಾಯ್ದೆಯೂ ಇಲ್ಲ. ಆದರೂ ಅರ್ಥ ಒಂದು ಕಡೆ ಕೂಡುತ್ತದೆ: ಆ ವಿಮಾನದಲ್ಲಿ ಕೊನೆಯ ನಿರ್ಧಾರ ಯಾರದು, ಏನಾದರೂ ಆದರೆ ಯಾರನ್ನು ಕೇಳಬೇಕು ಎಂಬುದನ್ನು ನಾಲ್ಕು ಪಟ್ಟೆ ಹೇಳುತ್ತವೆ.

ಇಷ್ಟಾದರೂ ಇದು ಪರಕೀಯರ ಲಿಪಿಯಲ್ಲವೇ, ನಾವೇಕೆ ಇನ್ನೂ ಇಟ್ಟುಕೊಂಡಿದ್ದೇವೆ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. 1950ರಲ್ಲಿ ಗಣರಾಜ್ಯವಾದಾಗ ಹೆಗಲಿನಿಂದ ಬ್ರಿಟಿಷ್ ಕಿರೀಟ ಇಳಿದು ಸಾರನಾಥದ ಸಿಂಹ ಏರಿತು. ಬಾತ್ ಎಂಬ ಬ್ರಿಟಿಷ್ ಪದವಿಯ ನಾಲ್ಕು ಮೂಲೆಯ ಚುಕ್ಕೆ ಹೋಗಿ ಐದು ಮೂಲೆಯ ನಕ್ಷತ್ರ ಬಂತು. ಪಾಕಿಸ್ತಾನ ಕಿರೀಟದ ಜಾಗಕ್ಕೆ ಚಂದ್ರ-ನಕ್ಷತ್ರ ತಂದಿತು. ಬ್ರಿಟನ್ ಕಿರೀಟವನ್ನೇ ಉಳಿಸಿಕೊಂಡಿದೆ. ಮೂರು ದೇಶ, ಮೂರು ಮುದ್ರೆ, ಆದರೆ ಮೂರರಲ್ಲೂ ಕ್ಯಾಪ್ಟನ್‌ಗೆ ಮೂರು ಬಿಡಿ ಗುರುತು, ಮೇಜರ್‌ಗೆ ಒಂದು ದೊಡ್ಡ ಮುದ್ರೆ. ಅಕ್ಷರ ಬದಲಾಯಿತು, ಕಾಗುಣಿತ ಉಳಿಯಿತು. ಆ ಕಾಗುಣಿತವೂ ಕಲ್ಲಿನಲ್ಲಿ ಕೊರೆದದ್ದಲ್ಲ. ಬ್ರಿಟಿಷ್ ಸೇನೆಯಲ್ಲೇ 1902ಕ್ಕೆ ಮೊದಲು ಕ್ಯಾಪ್ಟನ್‌ಗೆ ಎರಡೇ ಚುಕ್ಕೆಗಳಿದ್ದವು. ನಮ್ಮಲ್ಲೂ ಬದಲಾವಣೆ ನಿಂತಿಲ್ಲ. 2023ರ ಡಿಸೆಂಬರ್ 4ರಂದು ಸಿಂಧುದುರ್ಗದಲ್ಲಿ ನಡೆದ ನೌಕಾಪಡೆ ದಿನದಂದು ಪ್ರಧಾನಿ ಮಾಡಿದ ಘೋಷಣೆಯಂತೆ, ಆ ತಿಂಗಳ ಕೊನೆಗೆ ಅಡ್ಮಿರಲ್‌ಗಳ ಹೆಗಲಪಟ್ಟಿಗೆ ಶಿವಾಜಿ ಮಹಾರಾಜರ ರಾಜಮುದ್ರೆಯ ಸ್ಫೂರ್ತಿಯ ಎಂಟು ಮೂಲೆಯ ಚಿಹ್ನೆ ಬಂತು, ಜೊತೆಗೆ ಭಾರತೀಯ ಖಡ್ಗವೂ ದೂರದರ್ಶಕವೂ ಬಂದವು. ಅದೇ ವರ್ಷದ ಆಗಸ್ಟ್ 1ರಿಂದ ಭೂಸೇನೆಯಲ್ಲಿ ಬ್ರಿಗೇಡಿಯರ್ ಮತ್ತು ಮೇಲಿನ ಎಲ್ಲರಿಗೂ ಒಂದೇ ಸಮವಸ್ತ್ರ ಜಾರಿಗೆ ಬಂತು. ತಮ್ಮ ತಮ್ಮ ರೆಜಿಮೆಂಟಿನ ಬಣ್ಣದ ಟೋಪಿ, ಹೆಗಲ ಹುರಿಗಳನ್ನು ಅವರು ಬಿಟ್ಟುಕೊಟ್ಟರು. ಈ ಎರಡನೆಯ ಬದಲಾವಣೆಗೆ ಪ್ರಚಾರ ಕಡಿಮೆ ಸಿಕ್ಕಿತು, ನನ್ನ ಮಟ್ಟಿಗೆ ಅದೇ ಹೆಚ್ಚು ತೂಕದ್ದು. ಮೇಲೇರಿದಂತೆ ಮೈಮೇಲೆ ಅಲಂಕಾರ ಹೆಚ್ಚಬೇಕು ಎಂಬುದು ಆಡಂಬರದ ತರ್ಕ. ಇಲ್ಲಿ ಮೇಲೇರಿದವರಿಂದ ಒಂದಷ್ಟು ಅಲಂಕಾರವನ್ನು ವಾಪಸು ಪಡೆಯಲಾಗಿದೆ, ಇನ್ನು ನೀವು ಒಂದು ರೆಜಿಮೆಂಟಿನವರಲ್ಲ, ಇಡೀ ಸೇನೆಯವರು ಎಂಬ ಕಾರಣಕ್ಕೆ.

ಎರಡನೆಯ ಆಕ್ಷೇಪ ಹೆಚ್ಚು ಆಳದ್ದು: ಮೇಲು ಕೀಳಿನ ಗುರುತುಗಳೇ ಏಕೆ ಬೇಕು? ಈ ಪ್ರಶ್ನೆಯನ್ನು ಎರಡು ದೊಡ್ಡ ಸೇನೆಗಳು ಪ್ರಯೋಗ ಮಾಡಿಯೇ ನೋಡಿವೆ. ರಷ್ಯಾದ ಕ್ರಾಂತಿ 1917ರ ಡಿಸೆಂಬರಿನಲ್ಲಿ ದರ್ಜೆಗಳನ್ನೂ ಹೆಗಲಪಟ್ಟಿಗಳನ್ನೂ ಕಿತ್ತುಹಾಕಿತು. ವೈಯಕ್ತಿಕ ದರ್ಜೆಗಳು 1935ರಲ್ಲಿ ಮರಳಿದವು. ಸ್ಟಾಲಿನ್‌ಗ್ರಾಡಿನ ಕದನ ಇನ್ನೂ ಮುಗಿಯದಿದ್ದ 1943ರ ಜನವರಿಯಲ್ಲಿ, ಕ್ರಾಂತಿಯ ಶತ್ರುಗಳ ಗುರುತೆಂದು ಹಗೆಯಾಗಿದ್ದ ಹೆಗಲಪಟ್ಟಿಯೂ ಮರಳಿತು. ಚೀನಾ 1965ರ ಜೂನಿನಲ್ಲಿ ದರ್ಜೆಗಳನ್ನು ರದ್ದುಮಾಡಿತು. ಎಲ್ಲರ ಟೋಪಿಯ ಮೇಲೂ ಒಂದೇ ಕೆಂಪು ನಕ್ಷತ್ರ, ಎಲ್ಲರ ಕೊರಳಿಗೂ ಒಂದೇ ಕೆಂಪು ಪಟ್ಟಿ. ಉಳಿದದ್ದು ಒಂದೇ ವ್ಯತ್ಯಾಸ: ಅಧಿಕಾರಿಗಳ ಅಂಗಿಗೆ ನಾಲ್ಕು ಜೇಬು, ಸಿಪಾಯಿಗಳ ಅಂಗಿಗೆ ಎರಡು. ಜನ ಜೇಬು ಎಣಿಸಲು ಕಲಿತರು. 1979ರಲ್ಲಿ ವಿಯೆಟ್ನಾಂ ಮೇಲೆ ನುಗ್ಗಿದಾಗ, ಬೇರೆ ಬೇರೆ ಪಡೆಗಳು ಚೆದುರಿ ಬೆರೆತ ಜಾಗಗಳಲ್ಲಿ ಯಾರ ಮಾತನ್ನು ಯಾರು ಕೇಳಬೇಕೆಂಬುದೇ ಕಗ್ಗಂಟಾಯಿತು; ನಾಲ್ಕು ಜೇಬಿನವನು ಪ್ಲಟೂನಿನವನೋ ಡಿವಿಷನ್ನಿನವನೋ ಎಂದು ಜೇಬು ಹೇಳಲಾರದು. 1988ರಲ್ಲಿ ದರ್ಜೆಗಳು ಮತ್ತೆ ಬಂದವು. ನಾಲ್ಕು ಜೇಬು ಕಲಿಸಿದ್ದು ಇಷ್ಟು: ಗುರುತು ತೆಗೆದರೆ ಅಧಿಕಾರ ಅಳಿಯುವುದಿಲ್ಲ, ಅದು ಕಣ್ಣಿಗೆ ಕಾಣದಂತಾಗುತ್ತದೆ. ಕಾಣದ ಅಧಿಕಾರವನ್ನು ಪ್ರಶ್ನಿಸುವುದು ಕಾಣುವ ಅಧಿಕಾರವನ್ನು ಪ್ರಶ್ನಿಸುವುದಕ್ಕಿಂತ ಕಷ್ಟ. ಎದುರಾಳಿಯ ಗುಂಡಿಗೆ ಈ ಹೊಳಪೇ ಗುರಿಯಾಗದೇ ಎಂಬ ಪ್ರಶ್ನೆಗೆ ಸೇನೆಯೇ ಉತ್ತರ ಕಂಡುಕೊಂಡಿದೆ: ಪರೇಡಿನ ಹಿತ್ತಾಳೆ ಯುದ್ಧದ ಬಟ್ಟೆಗೆ ಬರುವುದಿಲ್ಲ, ಅಲ್ಲಿ ಅದೇ ಗುರುತು ಮಸುಕು ದಾರದ ಹೊಲಿಗೆಯಾಗುತ್ತದೆ. ಹತ್ತಿರದ ಸಿಪಾಯಿಗೆ ಕಾಣಬೇಕು, ದೂರದ ದುರ್ಬೀನಿಗೆ ಕಾಣಬಾರದು.

ಮೂರನೆಯ ಆಕ್ಷೇಪ ನಾಗರಿಕರ ಕಡೆಯಿಂದ ಬರುವಂಥದ್ದು. ಸಿಂಹವೂ ನಕ್ಷತ್ರವೂ ಪೊಲೀಸರ ಹೆಗಲಿಗೂ ಬಂದ ಮೇಲೆ ಅವುಗಳಿಗೆ ಏನು ಬೆಲೆ? ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಸಿಂಹ ಮತ್ತು ಒಂದು ನಕ್ಷತ್ರ, ಲೆಫ್ಟಿನೆಂಟ್ ಕರ್ನಲ್‌ನದೇ ಗುರುತು. ಇದರಿಂದ ಯಾರು ಯಾರಿಗೆ ಸಮ ಎಂಬ ಜಗಳ ಎರಡೂ ಕಡೆ ಎದ್ದಿದೆ. ಗೊಂದಲ ನಿಜ, ಎರಡು ಬೇರೆ ಏಣಿಗಳ ಮೆಟ್ಟಿಲಿಗೆ ಒಂದೇ ಬಣ್ಣ ಬಳಿದಿರುವುದು ಅದರ ಕಾರಣ. ಮೆಟ್ಟಿಲು ಹೇಳುವುದು ತನ್ನ ಏಣಿಯಲ್ಲಿ ತನ್ನ ಸ್ಥಾನವನ್ನು ಮಾತ್ರ. ಪೊಲೀಸರ ಹೆಗಲ ಅಕ್ಷರಗಳು, ರಿಬ್ಬನ್, ಬಟ್ಟೆಯ ಬಣ್ಣ ಇವನ್ನು ಮೊದಲು ಓದಿ, ನಕ್ಷತ್ರವನ್ನು ಆಮೇಲೆ ಎಣಿಸಿದರೆ ಜಗಳಕ್ಕೆ ಜಾಗವಿಲ್ಲ. ನಾಳೆ ಯಾರಾದರೂ ಪೊಲೀಸರಿಗೆ ಬೇರೆಯೇ ಮುದ್ರೆ ಸೂಚಿಸಿದರೆ ಅದರಿಂದ ನಷ್ಟವೇನೂ ಇಲ್ಲ. ಇನ್ನು, ಇಂಥ ಗುರುತುಗಳು ಜನರಲ್ಲಿ ಸಾಹೇಬರ ಭಯ ಬೆಳೆಸುತ್ತವೆ ಎಂಬ ದೂರು ಹೆಚ್ಚು ಗಂಭೀರವಾದದ್ದು. ನಕ್ಷತ್ರದ ಫಲಕದ ಕಾರಿಗೆ ದಾರಿ ಬಿಡುವ ನಮ್ಮ ಅಭ್ಯಾಸದಲ್ಲಿ ಭಕ್ತಿಯೂ ಇದೆ, ಅಂಜಿಕೆಯೂ ಇದೆ. ಆದರೆ ಕಾನೂನನ್ನೇ ಕೇಳಿದರೆ ಅದು ಬೇರೆ ಮಾತು ಹೇಳುತ್ತದೆ. 1950ರ ಸೇನಾ ಕಾಯ್ದೆಯ 41ನೇ ಕಲಮು ಮೇಲಧಿಕಾರಿಯ ಆದೇಶ ಮೀರುವುದನ್ನು ಅಪರಾಧವೆನ್ನುತ್ತದೆ; ಆ ಆದೇಶ ಕಾನೂನುಬದ್ಧವಾಗಿರಬೇಕು ಎಂಬ ಷರತ್ತನ್ನೂ ಇಡುತ್ತದೆ. ಅಂದರೆ ಹೆಗಲು ಎಷ್ಟೇ ಭಾರವಿರಲಿ, ಕಾನೂನಿನ ಹೊರಗೆ ಹೋದ ಕ್ಷಣ ಅದರ ಮಾತಿಗೆ ಬಲವಿಲ್ಲ. ಬೀದಿಯಲ್ಲಿ ನಡೆಯುವ ನಾಗರಿಕನಿಗಂತೂ ಆ ಕಲಮು ಅನ್ವಯಿಸುವುದೇ ಇಲ್ಲ. ನಾಗರಿಕನಿಗೆ ಹೆಗಲ ಗುರುತು ಆಜ್ಞೆಯಲ್ಲ, ಮಾಹಿತಿ. ಆ ಮಾಹಿತಿ ನಂಬಿಕೆಗೆ ಅರ್ಹವಾಗಿರಬೇಕೆಂದೇ, ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೈನಿಕನಲ್ಲದವನು ಆ ವೇಷ ಧರಿಸುವುದನ್ನು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮು ಶಿಕ್ಷಾರ್ಹವೆನ್ನುತ್ತದೆ. ಬ್ಯಾಂಕಿನ ಮೊಹರನ್ನು ಕಾಪಾಡುವ ತರ್ಕವೇ ಇದು. ಮೊಹರು ಪವಿತ್ರವೆಂದಲ್ಲ, ಅದನ್ನು ನಂಬಿ ಜನ ವ್ಯವಹಾರ ಮಾಡುತ್ತಾರೆಂದು.

ಡೆಹ್ರಾಡೂನಿನ ಅಕಾಡೆಮಿಯಲ್ಲಿ ತರಬೇತಿ ಮುಗಿದ ದಿನ ಒಂದು ಪದ್ಧತಿಯಿದೆ. ಹೊಸ ಅಧಿಕಾರಿ ತನ್ನ ನಕ್ಷತ್ರಗಳನ್ನು ತಾನೇ ಅನಾವರಣ ಮಾಡಿಕೊಳ್ಳುವುದಿಲ್ಲ. ಅಪ್ಪ ಒಂದು ಹೆಗಲಿಗೆ, ಅಮ್ಮ ಇನ್ನೊಂದು ಹೆಗಲಿಗೆ ಕೈಹಾಕುತ್ತಾರೆ. ಮಗನೋ ಮಗಳೋ ಕೈ ಇಳಿಬಿಟ್ಟು ನೇರ ನಿಂತಿರುತ್ತಾರೆ. ಕೊಟ್ಟವರು ಬೇರೆ ಎಂಬುದು ಅಲ್ಲಿಗೆ ಖಚಿತ. ಹೆಗಲ ಮೇಲಿನ ಬರಹ ಹೊತ್ತವನ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಕತ್ತು ಹೊರಳಿಸಿದರೂ ಓರೆಯಾಗಿ ಒಂದು ಅಂಚು ಕಂಡೀತು. ಎದುರು ನಿಂತವರಿಗೆ ಅದು ನೇರವಾಗಿ ಕಾಣುತ್ತದೆ. ಮನೀಶ್ ನಗರದ ತರಕಾರಿ ಅಂಗಡಿಯವನು ಆ ಮೂರು ನಕ್ಷತ್ರ ಕಂಡು ಸಲಾಂ ಹೊಡೆಯಬೇಕಾಗಿಲ್ಲ, ಕೊತ್ತಂಬರಿಯ ದರ ಇಳಿಸಬೇಕಾಗಿಯೂ ಇಲ್ಲ. ಓದಲು ಬಂದರೆ ಸಾಕು.